ಗರ್ಭಪಾತದ ನಂತರ ಮುಟ್ಟು ತುಂಬಾ ಕಡಿಮೆಯಾಗಿದೆ, ಇದು ಸಹಜವೇ?

ಒಂಬತ್ತನೇ ವಾರದಲ್ಲಿ ಗರ್ಭ ನಿಲ್ಲಲಿಲ್ಲ, ಡಿ ಅಂಡ್ ಸಿ (ಗರ್ಭಕೋಶದ ಒಳಗೆ ಕ್ಲೀನ್ ಮಾಡುವುದು) ಮಾಡಿಸಿ ನಾಲ್ಕು ತಿಂಗಳಾಯ್ತು, ಮೊದಲು ಐದು ದಿನ ಹೋಗುತ್ತಿದ್ದದ್ದು ಈಗ ಒಂದು ದಿನ ಕಲೆಯಂತೆ ಕಂಡು ನಿಂತುಬಿಡುತ್ತದೆ, ಅತ್ತೆ "ಒಳ್ಳೇದೇ ಆಯ್ತು ಬಿಡು" ಅಂತಾರೆ ಎಂದು ಬರೆದಿದ್ದೀರಿ. ನನಗೂ ಥೇಟ್ ಹೀಗೇ ಆಗಿತ್ತು. ಹಾಗೆ ಹೇಳಿದ್ದು ಅತ್ತೆಯಲ್ಲ, ನನ್ನ ಸ್ವಂತ ಅಕ್ಕ. ನಾನು ಡಾಕ್ಟರ್ ಅಲ್ಲ, ಅನುಭವಿಸಿದವಳು ಅಷ್ಟೇ.

ಗರ್ಭ ಹೋದ ಮೇಲೆ ಮೊದಲ ಮುಟ್ಟು ಸಾಮಾನ್ಯವಾಗಿ 4ರಿಂದ 8 ವಾರದೊಳಗೆ ಬರುತ್ತದೆ. ಗರ್ಭಿಣಿಯಾದಾಗ ಏರಿದ ಎಚ್‌ಸಿಜಿ ಹಾರ್ಮೋನ್ ಇಳಿಯಬೇಕು, ಆಮೇಲೆ ಅಂಡಾಣು ಬಿಡುಗಡೆಯಾಗಬೇಕು, ಅದಕ್ಕೇ ಅಷ್ಟು ದಿನ. (ಅಂಡಾಣು ಮೊದಲು, ಮುಟ್ಟು ಆಮೇಲೆ. ಹಾಗಾಗಿ "ಇನ್ನೂ ಮುಟ್ಟಾಗಿಲ್ಲ, ಮತ್ತೆ ಗರ್ಭಿಣಿ ಆಗಲ್ಲ" ಅಂದುಕೊಳ್ಳಬೇಡಿ.) ಮೊದಲ ಒಂದೆರಡು ಸಲ ಜಾಸ್ತಿ ಹೋಗಬಹುದು, ಗಡ್ಡೆ ಗಡ್ಡೆಯಾಗಿ ಬೀಳಬಹುದು, ಕಡಿಮೆಯೂ ಆಗಬಹುದು. ಅದಕ್ಕೆಲ್ಲ ಹೆದರಬೇಕಿಲ್ಲ. ಆದರೆ ಗಂಟೆಗೊಂದು ಪ್ಯಾಡ್ ನೆನೆದು ಎರಡು ಗಂಟೆಯಾದರೂ ನಿಲ್ಲದಿದ್ದರೆ, ಜ್ವರ ಬಂದರೆ, ಕೆಟ್ಟ ವಾಸನೆ ಇದ್ದರೆ ಬೆಳಗಾಗುವ ತನಕ ಕಾಯಬೇಡಿ. ಒಳಗೆ ಗರ್ಭದ ಚೂರು ಉಳಿದಿರಬಹುದು, ಸೋಂಕಾಗಿರಬಹುದು.

ಜಾಸ್ತಿ ಹೋದರೆ ಮನೆಯವರೆಲ್ಲ ಎದ್ದು ಓಡಾಡುತ್ತಾರೆ. ಕಡಿಮೆಯಾದರೆ ಪುಣ್ಯವಂತೆ ಅಂತಾರೆ. ನಾನೂ ಮೂರು ತಿಂಗಳು ಹಾಗೇ ನಂಬಿದ್ದೆ. ಎಂಟರ ಪ್ಯಾಕೆಟ್‌ನಲ್ಲಿ ಆರು ಪ್ಯಾಡ್ ಹಾಗೇ ಉಳಿಯುತ್ತಿತ್ತು. ಡಿ ಅಂಡ್ ಸಿ ಮಾಡಿದ್ದ ಡಾಕ್ಟರ್ ಹತ್ತಿರ ಹೇಳಿದೆ, ಟೆನ್ಷನ್ ಮಾಡ್ಕೋಬೇಡಿ ಅಂತ ವಿಟಮಿನ್ ಬರೆದುಕೊಟ್ಟರು. ಥೈರಾಯ್ಡ್, ಹಿಮೋಗ್ಲೋಬಿನ್ ಎರಡೂ ಸರಿಯಾಗಿದ್ದವು.

ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಮುಟ್ಟಿನ ದಿನಕ್ಕೂ ಒಂದು ಚುಕ್ಕೆ ಇಡುವ ಅಭ್ಯಾಸ ನನಗೆ. ನಾಲ್ಕನೇ ತಿಂಗಳು ಬೇರೆ ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದೇ "ಹೊಟ್ಟೆನೋವು ಬರುತ್ತಾ? ಯಾವತ್ತು?" ಅಂತ. ಕ್ಯಾಲೆಂಡರ್ ಹಾಳೆಗಳ ಫೋಟೋ ತೋರಿಸಿದೆ. ನೋವು ಪ್ರತಿ ತಿಂಗಳು ಸರಿಯಾದ ದಿನಕ್ಕೇ ಬಂದಿತ್ತು, ರಕ್ತ ಮಾತ್ರ ಸರಿಯಾಗಿ ಬಂದಿರಲಿಲ್ಲ. ಅಂದರೆ ಹಾರ್ಮೋನ್ ತನ್ನ ಕೆಲಸ ಮಾಡುತ್ತಿದೆ, ತೊಂದರೆ ಇರುವುದು ಗರ್ಭಕೋಶದಲ್ಲೇ ಇರಬೇಕು ಅಂದರು.

ಅದು ಆಶರ್‌ಮನ್ ಸಿಂಡ್ರೋಮ್. ಕ್ಲೀನ್ ಮಾಡುವಾಗ ಗರ್ಭಕೋಶದ ಒಳಪದರಕ್ಕೆ ಆಳವಾಗಿ ಗಾಯವಾದರೆ, ಮಾಯುವಾಗ ಎದುರುಬದುರಿನ ಗೋಡೆಗಳು ಅಲ್ಲಲ್ಲಿ ಅಂಟಿಕೊಳ್ಳುತ್ತವೆ. ಅಂಟಿದ ಕಡೆ ಪದರ ಬೆಳೆಯುವುದಿಲ್ಲ, ರಕ್ತವೂ ಬರುವುದಿಲ್ಲ. ಕೆಲವರಿಗೆ ಗರ್ಭಕೋಶದ ಬಾಯಿ ಮಾತ್ರ ಮುಚ್ಚಿರುತ್ತದೆ, ಆಗ ರಕ್ತ ಒಳಗೇ ನಿಂತು ನೋವು ಹೆಚ್ಚು. ಇದನ್ನು ವಿವರವಾಗಿ ಬರೆದ ಜೋಸೆಫ್ ಆಶರ್‌ಮನ್ ಅವರ ಲೇಖನ ಬಂದದ್ದು 1948ರಲ್ಲಿ, ಹೊಸ ಕಾಯಿಲೆಯೇನಲ್ಲ. ನಮ್ಮ ದೇಶದಲ್ಲಿ ಗರ್ಭಕೋಶದ ಟಿಬಿಯಿಂದಲೂ ಹೀಗಾಗುತ್ತದೆ, ಅದಕ್ಕೆ ಆ ಪರೀಕ್ಷೆಯನ್ನೂ ಮಾಡಿಸಿದರು.

ಸ್ಕ್ಯಾನಿಂಗ್ ನಾರ್ಮಲ್ ಬಂತು ಅಂತ ಸುಮ್ಮನಾಗಬೇಡಿ, ನನ್ನದೂ ನಾರ್ಮಲ್ಲೇ ಇತ್ತು. ಖಚಿತವಾಗಿ ಗೊತ್ತಾಗುವುದು ಹಿಸ್ಟರೋಸ್ಕೋಪಿಯಲ್ಲಿ: ಸಣ್ಣ ಕ್ಯಾಮೆರಾ ಕೆಳಗಿನಿಂದಲೇ ಒಳಗೆ ಹೋಗುತ್ತದೆ, ಹೊಟ್ಟೆ ಕೊಯ್ಯುವುದಿಲ್ಲ. ಅಂಟಿದ್ದನ್ನು ಅಲ್ಲೇ ಪುಟ್ಟ ಕತ್ತರಿಯಿಂದ ಬಿಡಿಸಿದರು. ಮತ್ತೆ ಅಂಟದಿರಲಿ ಅಂತ ಕೆಲವು ದಿನ ಒಳಗೆ ಬಲೂನ್, ಆಮೇಲೆ ಈಸ್ಟ್ರೋಜನ್ ಮಾತ್ರೆ. ಮಾತ್ರೆಯಿಂದ ಹೊಟ್ಟೆ ತೊಳಸುತ್ತಿತ್ತು, ಅದೊಂದು ಬಿಟ್ಟರೆ ಹೆಚ್ಚು ಕಷ್ಟವಾಗಲಿಲ್ಲ.

ನಿಮ್ಮದೂ ಅದೇ ಅಂತ ನಾನು ಹೇಳುತ್ತಿಲ್ಲ. ಕಡಿಮೆ ಹೋಗುವುದಕ್ಕೆ ಥೈರಾಯ್ಡ್, ತೂಕ, ಮಾತ್ರೆ ಹೀಗೆ ನೂರೆಂಟು ಕಾರಣ. ಆದರೆ ನಾಲ್ಕು ತಿಂಗಳು ಸತತವಾಗಿ ಹೀಗೇ ಇದೆ, ಇನ್ನೊಂದು ಮಗು ಬೇಕು ಅಂತಲೂ ಬರೆದಿದ್ದೀರಿ. ಎಳ್ಳು ಬೆಲ್ಲ, ಪಪ್ಪಾಯಿ ತಿನ್ನಿ, ಯಾರೂ ಬೇಡ ಅನ್ನಲ್ಲ, ಆದರೆ ಅಂಟಿಕೊಂಡ ಗೋಡೆ ಅದರಿಂದ ಬಿಡುವುದಿಲ್ಲ. ಡಿ ಅಂಡ್ ಸಿಯ ಡಿಸ್ಚಾರ್ಜ್ ಚೀಟಿ, ಆಗ ತೆಗೆದ ಚೂರಿನ ಬಯಾಪ್ಸಿ (ಲ್ಯಾಬ್ ಪರೀಕ್ಷೆ) ರಿಪೋರ್ಟ್, ಮುಟ್ಟಿನ ಮತ್ತು ನೋವಿನ ತಾರೀಖು ಮೂರನ್ನೂ ತೆಗೆದುಕೊಂಡು ಹಿಸ್ಟರೋಸ್ಕೋಪಿ ಮಾಡುವ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ, "ಆಶರ್‌ಮನ್ ಇರಬಹುದಾ?" ಅಂತ ನೇರವಾಗಿ ಕೇಳಿ.

ನನಗೆ ಐದು ದಿನದ ಮುಟ್ಟು ಮತ್ತೆ ಬರಲೇ ಇಲ್ಲ. ಈಗ ಮೂರು ದಿನ, ಕ್ಯಾಲೆಂಡರ್‌ನಲ್ಲಿ ಮೂರು ಚುಕ್ಕೆ.