ಕನ್ನಡ ಮಾಧ್ಯಮದವರು ಇಂಗ್ಲಿಷ್ ವಾಕ್ಯದ ಡಯಾಗ್ರಾಮ್ (ಪದಗಳ ಸಂಬಂಧವನ್ನು ಗೆರೆ ಎಳೆದು ತೋರಿಸುವ ಚಿತ್ರ) ಕಲಿಯೋಕೆ ಮೊದಲು ಗ್ರಾಮರ್ ಪೂರ್ತಿ ಮುಗಿಸಬೇಕಾ?

ಕನ್ನಡ ಮಾಧ್ಯಮದವರಾದ್ದರಿಂದ ನಾವು ಹಿಂದೆ, ಇದಕ್ಕೆ ಯಾವ ಆ್ಯಪ್ ಒಳ್ಳೇದು ಅಂತಾನೂ ನೀವು ಬರೆದಿದ್ದೀರಿ. ಮೊದಲು ಗ್ರಾಮರ್ ಮಾತು: ಬೇಡವೇ ಬೇಡ. ಬಿ.ಎಡ್. ಮುಗಿಸಿ ಹಾಸನದಲ್ಲಿ ರೂಮು ಮಾಡಿಕೊಂಡಿದ್ದಾಗ ನಾನೂ ಕಂಡಕಂಡವರನ್ನೆಲ್ಲ ಇದನ್ನೇ ಕೇಳುತ್ತಿದ್ದೆ. ಅರಸೀಕೆರೆ ಕಡೆಯ ಹಳ್ಳಿ ನಮ್ಮದು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆದರೆ ಇಂಗ್ಲಿಷ್ ಟೀಚರೇ ಆಗಬೇಕು ಅನ್ನೋ ಹಟ.

ಡಯಾಗ್ರಾಮ್ ತೋರಿಸಿಕೊಟ್ಟವರು ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು. ಅಮೆರಿಕದ ಬ್ರೂಕ್ಲಿನ್‌ನಲ್ಲಿ ಪಾಠ ಹೇಳುತ್ತಿದ್ದ ಅಲಾಂಜೊ ರೀಡ್ ಮತ್ತು ಬ್ರೇನರ್ಡ್ ಕೆಲಾಗ್ 1877ರ ತಮ್ಮ ವ್ಯಾಕರಣ ಪುಸ್ತಕದಲ್ಲಿ ಕೊಟ್ಟ ಪದ್ಧತಿ ಅದು. ಒಂದು ಅಡ್ಡಗೆರೆ. ಎಡಕ್ಕೆ ಸಬ್ಜೆಕ್ಟ್, ಬಲಕ್ಕೆ ವರ್ಬ್, ನಡುವೆ ಅಡ್ಡಗೆರೆಯನ್ನು ಸೀಳಿಕೊಂಡು ಹೋಗುವ ಉದ್ದಗೆರೆ. ಆಬ್ಜೆಕ್ಟ್ ಇದ್ದರೆ ಅದಕ್ಕೂ ಮೊದಲು ಒಂದು ಉದ್ದಗೆರೆ, ಆದರೆ ಅದು ಅಡ್ಡಗೆರೆಯ ಮೇಲೇ ನಿಲ್ಲುತ್ತದೆ, ಕೆಳಕ್ಕೆ ದಾಟುವುದಿಲ್ಲ. ವಿಶೇಷಣಗಳೆಲ್ಲ ತಮ್ಮ ತಮ್ಮ ಪದದ ಕೆಳಗೆ ಓರೆಗೆರೆಯಲ್ಲಿ. ಇಷ್ಟು ಕಲಿಯೋಕೆ ಯಾವ ಗ್ರಾಮರ್ ಮುಗಿಸಬೇಕು ಹೇಳಿ? ಗೆರೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕೈ ನಿಂತಾಗ ಗ್ರಾಮರ್ ಪುಸ್ತಕ ತೆಗೆಯಿರಿ, ಆಗ ಓದಿದ್ದು ತಲೆಗೆ ಹತ್ತುತ್ತದೆ.

ನಾನು ಎಡವಿದ ಜಾಗವೇ ಬೇರೆ. ಚಿಕ್ಕಮಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಡೆಮೊ ಕ್ಲಾಸು. ಬೋರ್ಡಿನ ಮೇಲೆ ಅವರೇ ಬರೆದುಕೊಟ್ಟ ವಾಕ್ಯ: ‘ದ ಪ್ರೈಸ್ ಆಫ್ ಕಾಫಿ ಬೀನ್ಸ್ ಹ್ಯಾಸ್ ರಿಸನ್’. ಅಡ್ಡಗೆರೆ ಎಳೆದೆ, ಸಬ್ಜೆಕ್ಟ್ ಜಾಗದಲ್ಲಿ ‘ಬೀನ್ಸ್’ ಬರೆದೆ. ಬೀನ್ಸ್ ಬಹುವಚನ, ಹಾಗಾಗಿ ‘ಹ್ಯಾಸ್’ ತಪ್ಪೆನಿಸಿತು. ಮಕ್ಕಳೆದುರಿಗೇ ಅದನ್ನು ಅಳಿಸಿ ‘ಹ್ಯಾವ್’ ಮಾಡಿದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಹೆಡ್‌ಮಿಸ್ಸು ಕೇಳಿದ್ದು ಒಂದೇ ಮಾತು: “ಏರಿದ್ದು ಬೀಜಾನಾ, ಬೆಲೇನಾ?” ಕೆಲಸ ಸಿಗಲಿಲ್ಲ. ಆ ವರ್ಷವೆಲ್ಲ ಟ್ಯೂಷನ್ ಹೇಳಿಕೊಂಡೇ ಕಳೆಯಿತು.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವೂ ಇಲ್ಲೇ ಬೀಳುತ್ತೀರಿ. ಕನ್ನಡದಲ್ಲಿ ‘ಕಾಫಿ ಬೀಜದ ಬೆಲೆ ಏರಿದೆ’ ಅಂತೀವಿ. ಬೆಲೆ ಕ್ರಿಯಾಪದದ ಪಕ್ಕದಲ್ಲೇ ಇದೆ. ‘ಊರ ಕೆರೆ ಏರಿ ಮೇಲಿನ ಆಲದ ಮರದ ಕೊಂಬೆ ಮುರಿಯಿತು’. ಎಷ್ಟೇ ಉದ್ದ ಮಾಡಿ, ವಿವರಣೆಯೆಲ್ಲ ಮೊದಲೇ ಬರುತ್ತದೆ, ಮುರಿದ ಕೊಂಬೆ ಕೊನೆಗೆ, ‘ಮುರಿಯಿತು’ ಪಕ್ಕಕ್ಕೆ. ಆಬ್ಜೆಕ್ಟ್ ಇಲ್ಲದ ಇಂಥ ವಾಕ್ಯಗಳಲ್ಲಿ ಹುಟ್ಟಿದಾಗಿನಿಂದ ನಮ್ಮ ಕಿವಿ ಕ್ರಿಯಾಪದದ ಪಕ್ಕದ ನಾಮಪದವನ್ನೇ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಇದು ತಿರುಗಾಮುರುಗಾ. ‘ಬ್ರಾಂಚ್’ ಮೊದಲು ಬಂದುಬಿಡುತ್ತದೆ, ಆಮೇಲೆ ಆಫ್, ಆನ್ ಅಂತ ಮರ, ಏರಿ, ಕೆರೆ, ಊರು ಎಲ್ಲ ಸಾಲು ನಿಂತು ಕಡೆಗೆ ವರ್ಬ್. ವರ್ಬಿನ ಪಕ್ಕ ನಿಂತದ್ದು ಊರು, ಮುರಿದದ್ದು ಕೊಂಬೆ. ಹಾಗಾಗಿ ಆಫ್, ಇನ್, ಆನ್, ಟು, ನಿಯರ್ ಇವುಗಳಿಗೆ ಅಂಟಿಕೊಂಡು ಬಂದ ನಾಮಪದ ವಾಕ್ಯದ ಸಬ್ಜೆಕ್ಟ್ ಆಗುವುದಿಲ್ಲ. ಪ್ರಿಪೊಸಿಷನ್ ಓರೆಗೆರೆಯ ಮೇಲೆ, ಅದರ ನಾಮಪದ ಅಲ್ಲಿಂದ ಹೊರಟ ಪುಟ್ಟ ಅಡ್ಡಗೆರೆಯ ಮೇಲೆ. ಪೆನ್ಸಿಲ್ ಹಿಡಿಯುವ ಮೊದಲು ಇವನ್ನೆಲ್ಲ ಕಂಸ ಹಾಕಿ ಬದಿಗಿಡಿ. ನಾನು ಇವತ್ತಿಗೂ ನನ್ನ ಮಕ್ಕಳಿಗೆ ಮೊದಲ ದಿನ ಕಲಿಸುವುದು ಇದನ್ನೇ.

ಕನ್ನಡ ಮಾಧ್ಯಮದವರಾದ್ದರಿಂದ ನಾವು ಹಿಂದೆ ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪೋದಿಲ್ಲ. ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದವರು ನಾವು. ಯಾರು, ಏನನ್ನು, ಯಾರಿಗೆ ಅಂತ ಕೇಳಿಕೊಂಡರೆ ಸಬ್ಜೆಕ್ಟ್, ಆಬ್ಜೆಕ್ಟ್, ಇನ್‌ಡೈರೆಕ್ಟ್ ಆಬ್ಜೆಕ್ಟ್ ಮೂರೂ ಸಿಕ್ಕಿಬಿಡುತ್ತವೆ. ಒಂದೇ ಎಚ್ಚರ: ಪ್ರಶ್ನೆಯನ್ನು ಇಂಗ್ಲಿಷ್ ವರ್ಬಿಗೇ ಕೇಳಿ. ‘ನನಗೆ ಹಸಿವಾಗಿದೆ’ಯಲ್ಲಿ ‘ನನಗೆ’ ಚತುರ್ಥಿ, ಇಂಗ್ಲಿಷಿನಲ್ಲಿ ‘ಐ’ ನೇರವಾಗಿ ಸಬ್ಜೆಕ್ಟ್ ಜಾಗದಲ್ಲಿ ಕೂರುತ್ತದೆ.

ಯಾವ ಆ್ಯಪ್ ಒಳ್ಳೇದು ಅಂತಾನೂ ಕೇಳಿದ್ದೀರಿ. ಯಾವುದೂ ಬೇಡ. ಆ್ಯಪೇ ಗೆರೆ ಎಳೆದುಕೊಟ್ಟರೆ ಯೋಚನೆಯೂ ಅದರದ್ದೇ ಆಗುತ್ತದೆ. ಮಾತಾಡೋ ಇಂಗ್ಲಿಷ್ ಬರಲಿ ಅನ್ನೋದೇ ನಿಮ್ಮ ಗುರಿಯಾದರೆ ಡಯಾಗ್ರಾಮ್ ಬಿಟ್ಟುಬಿಡಿ. ‘ಯೆಸ್ಟರ್‌ಡೇ’ ವಾಕ್ಯದ ಮೊದಲಿರಲಿ ಕೊನೆಯಲ್ಲಿರಲಿ, ಡಯಾಗ್ರಾಮಿನಲ್ಲಿ ಅದು ವರ್ಬಿನ ಕೆಳಗೇ ಹೋಗುತ್ತದೆ. ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನೋದನ್ನು ಡಯಾಗ್ರಾಮ್ ಕಲಿಸುವುದಿಲ್ಲ.

ಇವತ್ತೇ ಒಂದು ಬರೆದು ನೋಡಿ: ‘ದ ರೈಟರ್ ಆಫ್ ದ ಎಸ್ಟೇಟ್ ನಿಯರ್ ಮೂಡಿಗೆರೆ ಗೇವ್ ದ ವರ್ಕರ್ಸ್ ದೇರ್ ವೇಜಸ್’. ನಮ್ಮ ಕಡೆ ಎಸ್ಟೇಟಿನ ರೈಟರು (ಲೆಕ್ಕ ಬರೆಯುವ ಗುಮಾಸ್ತ) ಬಟವಾಡೆ ಮಾಡಿದ ಅಂತೀವಲ್ಲ, ಅದೇ. ಮುಖ್ಯ ಅಡ್ಡಗೆರೆಯ ಮೇಲೆ ರೈಟರ್, ಗೇವ್, ವೇಜಸ್ ಮೂರೇ ಉಳಿಯಬೇಕು. ವರ್ಕರ್ಸ್ ‘ಗೇವ್’ ಕೆಳಗೆ, ದೇರ್ ‘ವೇಜಸ್’ ಕೆಳಗೆ, ಎಸ್ಟೇಟ್ ‘ರೈಟರ್’ ಕೆಳಗೆ, ಮೂಡಿಗೆರೆ ಎಸ್ಟೇಟಿನ ಕೆಳಗೆ. ಮೂಡಿಗೆರೆ ಮೇಲೆ ಹತ್ತಿ ಕೂತಿದ್ದರೆ ಅಳಿಸಿ, ಕಂಸ ಹಾಕೋದರಿಂದ ಮತ್ತೆ ಶುರುಮಾಡಿ.