ಹುವಾ ಹಿನ್ ಅಗ್ಗ, ಆದರೆ ಯಾರ ಪಿಂಚಣಿಗೆ?

ಪ್ರಶ್ನೆ: ಅಕ್ಕ, ನಮಸ್ಕಾರ. ನನಗೆ 59 ವರ್ಷ. ಮುಂದಿನ ಮಾರ್ಚ್‌ನಲ್ಲಿ ನಿವೃತ್ತಿ. 32 ವರ್ಷ ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತೇ ಹೋಗಿ ಬಂದಿದ್ದೇನೆ, ಇನ್ನು ಈ ಗದ್ದಲ ಸಾಕು ಅನಿಸಿದೆ. ಹೋದ ವರ್ಷ ಟೂರ್‌ನಲ್ಲಿ ಥಾಯ್ಲೆಂಡಿಗೆ ಹೋಗಿದ್ದೆವು. ಹುವಾ ಹಿನ್ ಎಂಬ ಊರಿನಲ್ಲಿ ಯುರೋಪಿನ ನಿವೃತ್ತರು ಸಮುದ್ರದ ಪಕ್ಕ ಆರಾಮವಾಗಿ ಇರುವುದನ್ನು ನೋಡಿದೆವು. ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಬದುಕಬಹುದು ಅಂದರು. ಪಿಎಫ್, ಗ್ರಾಚ್ಯುಯಿಟಿ ಎಲ್ಲ ಸೇರಿ ನನಗೆ 1 ಕೋಟಿ 10 ಲಕ್ಷ ಬರುತ್ತದೆ. ಫ್ಲಾಟ್ ಮಾರಿದರೆ ಇನ್ನಷ್ಟು. ಹೆಂಡತಿಗೂ ಮನಸ್ಸಿದೆ. ನೀವು ಅಲ್ಲಿ ಇದ್ದು ಬಂದವರು. ಮಾರಿ ಹೊರಟುಬಿಡಲೇ?
— ಡೊಂಬಿವಲಿಯ ಓದುಗರು

ಉತ್ತರ: ತಮ್ಮಾ, ಫ್ಲಾಟ್ ಮಾರಬೇಡಿ. ಹೋಗುವುದೋ ಬಿಡುವುದೋ ಆಮೇಲೆ ನೋಡೋಣ, ಮೊದಲು ಈ ಒಂದು ಮಾತು ಹಿಡಿದುಕೊಳ್ಳಿ.

ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನು 31 ವರ್ಷ ಮುಲುಂಡಿನಿಂದ ಫೋರ್ಟ್‌ಗೆ ಓಡಾಡಿದವಳು. ಬ್ಯಾಂಕಿನ ವಿದೇಶಿ ವಿನಿಮಯ ಕೌಂಟರ್‌ನಲ್ಲಿ ಕೆಲಸ. ಡಾಲರ್, ಪೌಂಡ್, ಥಾಯ್ಲೆಂಡಿನ ಬಾತ್ ದರಗಳನ್ನು ಪ್ರತಿದಿನ ಬೆಳಿಗ್ಗೆ ಬೋರ್ಡ್ ಮೇಲೆ ಬರೆಯುತ್ತಿದ್ದೆ. ನಿವೃತ್ತಿಯಾದ ಮೇಲೆ, 2018ರ ಜನವರಿಯಲ್ಲಿ, ನಾನೂ ನಮ್ಮವರೂ ಹುವಾ ಹಿನ್‌ಗೆ ಹೋದೆವು. ಮುಲುಂಡಿನ ಮನೆ ಬಾಡಿಗೆಗೆ ಕೊಟ್ಟಿದ್ದೆವು. ಅಲ್ಲಿ ಸಮುದ್ರಕ್ಕೆ ಹತ್ತು ನಿಮಿಷದ ದಾರಿಯಲ್ಲಿ ಒಂದು ಬೆಡ್‌ರೂಮಿನ ಮನೆ, ತಿಂಗಳಿಗೆ 11,000 ಬಾತ್.

ಎಷ್ಟು ಚೆನ್ನಾಗಿತ್ತು ಅಂತ ಹೇಳಲೇಬೇಕು, ಇಲ್ಲದಿದ್ದರೆ ನಾನು ಹೆದರಿಸುತ್ತಿದ್ದೇನೆ ಅಂದುಕೊಳ್ಳುತ್ತೀರಿ. ಬೆಳಿಗ್ಗೆ ಆರಕ್ಕೆ ದಂಡೆಯಲ್ಲಿ ನಡೆದರೆ ನಾಯಿಗಳು, ಮೀನುಗಾರರು, ನಾವಿಬ್ಬರು. ಸಂತೆಯಲ್ಲಿ ಒಂದೆಲಗ ರಾಶಿ ರಾಶಿ ಸಿಗುತ್ತಿತ್ತು. ಅವರು ಅದರ ಶರಬತ್ತು ಮಾಡಿ ಕುಡಿಯುತ್ತಾರೆ. ನಾನು ತಂದು ನಮ್ಮೂರಿನ ತಿಮರೆ ಚಟ್ನಿ ಅರೆಯುತ್ತಿದ್ದೆ. ಹಲಸು, ಬಾಳೆ ಹೂವು, ತೆಂಗಿನಕಾಯಿ, ಮಲ್ಲಿಗೆ ಮಾಲೆ ಎಲ್ಲ ಇತ್ತು. ಕರಿಬೇವು, ಇಂಗು, ಉದ್ದಿನಬೇಳೆಗೆ ಮಾತ್ರ ಬ್ಯಾಂಕಾಕ್‌ನ ಪಾಹುರಾತ್‌ಗೆ ಹೋಗಬೇಕು. ಅಲ್ಲಿ ಗುರುದ್ವಾರದ ಸುತ್ತ ನಮ್ಮ ದೇಶದ ಅಂಗಡಿಗಳಿವೆ. ತಿಂಗಳಿಗೊಮ್ಮೆ ರೈಲಿನಲ್ಲಿ ಹೋಗಿ ತರುತ್ತಿದ್ದೆವು. ಏಪ್ರಿಲ್ ನಡುವೆ ಅವರಿಗೆ ಸೊಂಗ್‌ಕ್ರಾನ್, ಹೊಸ ವರ್ಷ. ಅದೇ ಹೊತ್ತಿಗೆ ನಮಗೆ ಬಿಸು. ನಾನು ಕಣಿ ಇಟ್ಟೆ, ಹೊರಗೆ ಮಕ್ಕಳು ಬೀದಿ ತುಂಬ ನೀರು ಎರಚುತ್ತಿದ್ದರು.

ನೀವು ಸಸ್ಯಾಹಾರಿಗಳಾದರೆ ಒಂದು ಮಾತು. ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಹಳದಿ ಬಾವುಟದಲ್ಲಿ ಕೆಂಪಕ್ಷರ ಇರುವ ಅಂಗಡಿ ಹುಡುಕಿ, ಅದು ‘ಜೇ’ ಊಟ. ಅದಕ್ಕೆ ಮೀನು ಮಾಂಸ ಇರಲಿ, ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹುವಾ ಹಿನ್ ಅಗ್ಗ ಅನ್ನುವ ಮಾತು ಹುಟ್ಟಿದ್ದು ಡೆನ್ಮಾರ್ಕ್, ಜರ್ಮನಿ, ಇಂಗ್ಲೆಂಡಿನವರ ಬಾಯಲ್ಲಿ. ಅವರ ಪಿಂಚಣಿ ಯುರೋ, ಪೌಂಡ್‌ನಲ್ಲಿ ಬರುತ್ತದೆ. ನಾನೀಗ ಮಡಗಾಂವಿನಲ್ಲಿದ್ದೇನೆ. ಇಲ್ಲಿ ಬಾಣಾವಲಿ, ಕೋಲ್ವಾ ಕಡೆಯೂ ಚಳಿಗಾಲ ಕಳೆಯಲು ಬರುವ ಇಂಗ್ಲೆಂಡಿನ ಹಿರಿಯರಿದ್ದಾರೆ. ಅವರಿಗೆ ಗೋವಾ ಅಗ್ಗ, ಹುವಾ ಹಿನ್ನೂ ಅಗ್ಗ. ನಿಮ್ಮ ನನ್ನ ದುಡ್ಡು ರೂಪಾಯಿಯಲ್ಲಿದೆ. 2010ರ ಹೊತ್ತಿಗೆ ಒಂದು ಬಾತ್‌ಗೆ ಸುಮಾರು ಒಂದೂವರೆ ರೂಪಾಯಿ ಇತ್ತು. ನಾವು ಹೋದಾಗ ಎರಡು. ಅದೇ ವರ್ಷ ಅಕ್ಟೋಬರ್‌ಗೆ ಎರಡೂಕಾಲು. ಮನೆಯೊಡತಿ ಒಂದು ಬಾತ್ ಕೂಡ ಬಾಡಿಗೆ ಏರಿಸಲಿಲ್ಲ. ಆದರೂ 22,000 ರೂಪಾಯಿ ಇದ್ದ ಬಾಡಿಗೆ ಹತ್ತು ತಿಂಗಳಲ್ಲಿ 24,000 ದಾಟಿತು. ದರ ಬರೆಯುವುದೇ ಕೆಲಸವಾಗಿದ್ದ ನಾನು ನನ್ನ ಮನೆಯ ಲೆಕ್ಕದಲ್ಲಿ ಇದನ್ನು ಸೇರಿಸಿರಲಿಲ್ಲ. ನೀವು ಸೇರಿಸಿ.

ಈಗ ನಿಮ್ಮದೇ ಲೆಕ್ಕ ಹಾಕುತ್ತೇನೆ. 50 ದಾಟಿದವರಿಗೆ ಥಾಯ್ಲೆಂಡ್ ನಿವೃತ್ತಿ ವೀಸಾ ಕೊಡುತ್ತದೆ. ಅದಕ್ಕೆ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು, ಇಲ್ಲವೇ ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು. ಬಾತ್‌ಗೆ ಎರಡೂವರೆ ರೂಪಾಯಿ ಹಿಡಿದರೂ 65,000 ಬಾತ್ ಅಂದರೆ 1 ಲಕ್ಷ 62 ಸಾವಿರ ರೂಪಾಯಿ. ಅಷ್ಟು ನಿಮಗಿಲ್ಲ. ಹಾಗಾಗಿ ಠೇವಣಿ ದಾರಿಯೇ ಗತಿ. ಅಲ್ಲಿಗೆ 20 ಲಕ್ಷ ಹೋಯಿತು. ಅದನ್ನು ಮುಟ್ಟುವುದೂ ಕಷ್ಟ. ವೀಸಾ ಮುಂದುವರಿಸುವ ಎರಡು ತಿಂಗಳ ಮೊದಲಿನಿಂದ ಮೂರು ತಿಂಗಳ ನಂತರದವರೆಗೆ ಪೂರ್ತಿ ಇರಬೇಕು, ಉಳಿದ ಹೊತ್ತಿನಲ್ಲೂ ನಾಲ್ಕು ಲಕ್ಷ ಬಾತ್‌ಗಿಂತ ಕೆಳಗೆ ಇಳಿಯಬಾರದು.

ಉಳಿದ 90 ಲಕ್ಷಕ್ಕೆ ಶೇಕಡಾ 7 ಬಡ್ಡಿ ಅಂದರೆ ತಿಂಗಳಿಗೆ 52,500. ಫ್ಲಾಟಿನ ಬಾಡಿಗೆ 18,000 ಬಂದರೆ ಒಟ್ಟು 70,500. ಅಲ್ಲಿ ಅದು 28,200 ಬಾತ್. ಬಾಡಿಗೆ, ಕರೆಂಟು, ಊಟ, ಓಡಾಟಕ್ಕೆ ಇದು ಸಾಕಾಗುತ್ತದೆ, ಬಿಗಿಯಾಗಿ. ಆದರೆ ಇದರಲ್ಲಿ ಆರೋಗ್ಯ ವಿಮೆ ಇಲ್ಲ, ವರ್ಷಕ್ಕೊಮ್ಮೆ ಊರಿಗೆ ಬರುವ ವಿಮಾನ ಇಲ್ಲ. ಪೂರ್ತಿ ಬಡ್ಡಿ ತಿಂದರೆ ಹತ್ತು ವರ್ಷದ ಬೆಲೆಯೇರಿಕೆಗೆ ಏನೂ ಉಳಿಯುವುದಿಲ್ಲ.

ನನಗೆ ಹೆಚ್ಚು ಕಾಳಜಿ ಇರುವುದು ಆರೋಗ್ಯದ ವಿಷಯದಲ್ಲಿ. ಹುವಾ ಹಿನ್‌ನಲ್ಲಿ ಜಾಸ್ತಿ ಮಳೆ ಅಕ್ಟೋಬರ್ ಆಸುಪಾಸಿನಲ್ಲಿ. ಆ ಮಳೆಯಲ್ಲಿ ನಮ್ಮವರು ಮೆಟ್ಟಿಲ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮೊದಲು ಒಂದೂವರೆ ಲಕ್ಷ ಬಾತ್ ಕಟ್ಟಿ ಅಂದರು. ನನ್ನ ಕಾರ್ಡಿನ ಮಿತಿ ಅಷ್ಟಿರಲಿಲ್ಲ. ನಮ್ಮ ವೀಸಾಕ್ಕೆ ವಿಮೆ ಕಡ್ಡಾಯ ಇರಲಿಲ್ಲ, ಹಾಗಾಗಿ ನಾವು ಮಾಡಿಸಿರಲೂ ಇಲ್ಲ. ಮುಂಬಯಿಯ ಪಾಲಿಸಿ ಅಲ್ಲಿ ನಡೆಯಲಿಲ್ಲ. ಎದುರು ಮನೆಯ ಡೆನ್ಮಾರ್ಕ್‌ನ ಅಜ್ಜಿ ತಮ್ಮ ಕಾರ್ಡ್ ಉಜ್ಜಿದರು. ಅವರಿಗೆ ನಮ್ಮ ಪೂರ್ತಿ ಹೆಸರೂ ಗೊತ್ತಿರಲಿಲ್ಲ. ನಾಲ್ಕು ದಿನದಲ್ಲಿ ನನ್ನ ತಂಗಿಯ ಮಗ ಹಣ ಕಳಿಸಿದ, ಅಜ್ಜಿಗೆ ವಾಪಸ್ ಕೊಟ್ಟೆ. ಒಟ್ಟು ಬಿಲ್ 4 ಲಕ್ಷ 20 ಸಾವಿರ ಬಾತ್, ಆಗಿನ ಲೆಕ್ಕದಲ್ಲಿ 9 ಲಕ್ಷ ರೂಪಾಯಿ ದಾಟಿತು. ಡಾಕ್ಟರು, ನರ್ಸುಗಳು ತುಂಬ ಚೆನ್ನಾಗಿ ನೋಡಿಕೊಂಡರು. ಆದರೆ ರಾತ್ರಿ ನೋವಿನಲ್ಲಿ ಇವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಹೇಳುವುದು, ನರ್ಸು ಫೋನಿನಲ್ಲಿ ಥಾಯ್‌ಗೆ ತಿರುಗಿಸುವುದು. ಆ ಹತ್ತು ರಾತ್ರಿ ನನಗೆ ಇನ್ನೂ ಮರೆತಿಲ್ಲ.

ವೀಸಾದಲ್ಲಿ ಎರಡು ಬಗೆ ಇದೆ, ಓ ಮತ್ತು ಓ-ಎ. ಓ-ಎಗೆ ಈಗ ಆರೋಗ್ಯ ವಿಮೆ ಕಡ್ಡಾಯ. ನೀವು ಯಾವುದೇ ತೆಗೆದುಕೊಳ್ಳಿ, ವಿಮೆ ಮಾತ್ರ ಬಿಡಬೇಡಿ. 70 ದಾಟಿದ ಮೇಲೆ ಹೊಸ ಪಾಲಿಸಿ ಸಿಗುವುದು ಕಷ್ಟ. ಸಿಕ್ಕರೂ ಪ್ರೀಮಿಯಂ ನಿಮ್ಮ ಬಾಡಿಗೆಗಿಂತ ಜಾಸ್ತಿ ಆಗಬಹುದು. ಇಲ್ಲಿ 70 ದಾಟಿದವರಿಗೆ 2024ರಿಂದ ಆಯುಷ್ಮಾನ್ ಭಾರತ್‌ನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅದು ಇಲ್ಲಿನ ಆಸ್ಪತ್ರೆಗಳಲ್ಲಿ ಮಾತ್ರ. ಇಲ್ಲಿರುವ ನಿಮ್ಮ ಪಾಲಿಸಿಯನ್ನೂ ನಿಲ್ಲಿಸಬೇಡಿ. ಒಮ್ಮೆ ಬಿಟ್ಟರೆ, ಮತ್ತೆ ಮಾಡಿಸುವಾಗ ಬಿಪಿ, ಸಕ್ಕರೆ ಎಲ್ಲಕ್ಕೂ ಹೊಸದಾಗಿ ಕಾಯಬೇಕು.

ಕಾಗದದ ಕೆಲಸವೂ ಇದೆ. 90 ದಿನಕ್ಕೊಮ್ಮೆ ಇಮಿಗ್ರೇಷನ್‌ಗೆ ವಿಳಾಸ ತಿಳಿಸಬೇಕು. ಊರಿಗೆ ಬರುವ ಮೊದಲು ರೀ-ಎಂಟ್ರಿ ಪರ್ಮಿಟ್ ತೆಗೆದುಕೊಳ್ಳಬೇಕು. ಮರೆತು ವಿಮಾನ ಹತ್ತಿದರೆ ವೀಸಾ ಅಲ್ಲಿಗೇ ಮುಗಿಯಿತು. ಮನೆಯಲ್ಲಿ ಸಾವು ನೋವು ಅಂತ ಅವಸರದಲ್ಲಿ ಹೊರಡುವಾಗ ಇದು ನೆನಪಿರುವುದಿಲ್ಲ. ಹಾಗಾಗಿ ವರ್ಷದ ಮೊದಲೇ ಹಲವು ಸಲ ನಡೆಯುವಂಥದ್ದನ್ನು ಮಾಡಿಸಿಟ್ಟುಕೊಳ್ಳಿ. ವರ್ಷದಲ್ಲಿ 180 ದಿನ ಅಲ್ಲಿದ್ದರೆ, ಹೊರಗಿನಿಂದ ತರಿಸುವ ಆದಾಯಕ್ಕೆ 2024ರಿಂದ ಅಲ್ಲಿ ತೆರಿಗೆ ನಿಯಮ ಬಿಗಿಯಾಗಿದೆ. ಹೊರಡುವ ಮೊದಲು ಒಬ್ಬ ಸಿಎ ಹತ್ತಿರ ಕೂತು ಮಾತಾಡಿ.

ಹಣ ಕಳಿಸುವುದು ನನ್ನದೇ ಕಸುಬು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಬ್ಬರು ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದರೆ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಮೊತ್ತಕ್ಕೆ ಬ್ಯಾಂಕು ಶೇಕಡಾ 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ನೀವು 20 ಲಕ್ಷ ಒಟ್ಟಿಗೆ ಕಳಿಸಿದರೆ 2 ಲಕ್ಷ ಅದರ ಮೇಲೆ ಹೋಗುತ್ತದೆ. ರಿಟರ್ನ್ ಹಾಕಿದಾಗ ವಾಪಸ್ ಬರುತ್ತದೆ, ಅಲ್ಲಿಯವರೆಗೆ ಸಿಕ್ಕಿಕೊಂಡಿರುತ್ತದೆ. ಅರ್ಧ ಮಾರ್ಚ್‌ನಲ್ಲಿ, ಅರ್ಧ ಏಪ್ರಿಲ್‌ನಲ್ಲಿ ಕಳಿಸಿ. ಎರಡು ಬೇರೆ ಬೇರೆ ಹಣಕಾಸು ವರ್ಷ, ತೊಂದರೆಯಿಲ್ಲ. ಇನ್ನೊಂದು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. ಅನಿವಾಸಿಯಾದವರಿಗೆ ಅದನ್ನು ಹೊಸದಾಗಿ ತೆರೆಯಲು ಬಿಡುವುದಿಲ್ಲ. ಈ ಕೆಲಸಗಳ ಕ್ರಮ ತಪ್ಪಬಾರದು.

ಅಲ್ಲಿ ಮನೆ ಕೊಳ್ಳುವ ಯೋಚನೆ ಬೇಡ. ಹೊರದೇಶದವರ ಹೆಸರಿಗೆ ಜಾಗ ಆಗುವುದಿಲ್ಲ. ಫ್ಲಾಟ್ ಆಗುತ್ತದೆ, ಆದರೆ ಒಂದು ಕಟ್ಟಡದ ಶೇಕಡಾ 49ರಷ್ಟು ಮಾತ್ರ ಹೊರಗಿನವರಿಗೆ. ಮಾರಲು ಹೋದಾಗ ಕೊಳ್ಳುವವರು ಬೇಗ ಸಿಗುವುದಿಲ್ಲ.

ಹಾಗಾದರೆ ಹೋಗಲೇಬಾರದೇ? ಹೋಗಿ. ಮೊದಲ ಸಲ ಪ್ರವಾಸಿಯಾಗಿಯೇ ಕೆಲವು ವಾರ ಇದ್ದು ಬನ್ನಿ, ಬಾಡಿಗೆ ಮನೆಯಲ್ಲಿ, ಹೋಟೆಲಿನಲ್ಲಲ್ಲ. ಡಿಸೆಂಬರ್‌ನಲ್ಲಿ ಬೇಡ, ಆಗ ಎಲ್ಲ ಊರೂ ಚಂದ. ಏಪ್ರಿಲ್‌ನ ಸುಡುವ ಬಿಸಿಲಿನಲ್ಲಿ ಹೋಗಿ, ಇಲ್ಲವೇ ಅಕ್ಟೋಬರ್‌ನ ಮಳೆಯಲ್ಲಿ. ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಕಡೆ ಮನಸ್ಸಿದ್ದರೆ ಮಾರ್ಚ್‌ನಲ್ಲಿ ನೋಡಿ. ಸುತ್ತಲಿನ ಹೊಲ, ಕಾಡು ಸುಟ್ಟ ಹೊಗೆ ಊರಿನ ಮೇಲೆ ಕೂತಿರುತ್ತದೆ. ಇನ್ನೊಂದು ಕೆಲಸ ನಿಮ್ಮ ಮನೆಯವರಿಗೆ. ಒಂದು ದಿನ ಅವರೊಬ್ಬರೇ ಹೊರಗೆ ಹೋಗಿ ಔಷಧಿ ಕೊಂಡು, ಬ್ಯಾಂಕಿಗೆ ಹೋಗಿ, ಸಂತೆ ಮುಗಿಸಿ ಬರಲಿ. ನಮ್ಮವರು ಆಸ್ಪತ್ರೆಯಲ್ಲಿದ್ದಾಗ ನಾನು ಇದನ್ನೆಲ್ಲ ಮೊದಲ ಸಲ ಒಬ್ಬಳೇ ಮಾಡಿದೆ. ಅಂಥ ಹೊತ್ತಿನಲ್ಲಿ ಕಲಿಯುವುದು ಬೇಡ.

ಆಮೇಲೂ ಇಷ್ಟವಾದರೆ ವರ್ಷಕ್ಕೆ ಮೂರು ನಾಲ್ಕು ತಿಂಗಳು ಅಲ್ಲಿ, ಉಳಿದದ್ದು ಇಲ್ಲಿ. ಆಗ 20 ಲಕ್ಷ ಸಿಕ್ಕಿಹಾಕಿಕೊಳ್ಳುವುದಿಲ್ಲ. ಡೊಂಬಿವಲಿಯ ಮನೆ, ಡಾಕ್ಟರು, ಪಾಲಿಸಿ ಎಲ್ಲ ಇದ್ದ ಹಾಗೇ ಇರುತ್ತವೆ. ನಾವು 2019ರ ಫೆಬ್ರುವರಿಯಲ್ಲಿ ವಾಪಸ್ ಬಂದೆವು. ಬರಲು ಮನೆ ಇತ್ತು.

ಪ್ರಶ್ನೆ: ನನ್ನ ತೌರು ಅಂಕೋಲಾ, ಗಂಡ ಗೋವಾದವರು. ಅವರ ತಂದೆ 1961ಕ್ಕೆ ಮೊದಲೇ ಇಲ್ಲಿ ಹುಟ್ಟಿದವರು. ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿ ಪೋರ್ಚುಗಲ್‌ನ ಅಲ್ಗಾರ್ವ್‌ನಲ್ಲಿ ನಿವೃತ್ತರಾಗೋಣ ಅನ್ನುತ್ತಾರೆ. ಒಪ್ಪಲೇ ಅಕ್ಕ?
— ವಾಸ್ಕೋದ ಓದುಗರು

ಉತ್ತರ: ಗೋವಾ ಪೋರ್ಚುಗೀಸರ ಕೈಬಿಟ್ಟ 1961ರ ಡಿಸೆಂಬರ್ 19ಕ್ಕೆ ಮೊದಲು ಅಲ್ಲಿ ಹುಟ್ಟಿದವರ ಮಕ್ಕಳು ಈ ದಾರಿಯಲ್ಲಿ ಹೋಗಿರುವುದು ನಿಮ್ಮ ಬೀದಿಯಲ್ಲೇ ಕಾಣಬಹುದು. ಆದರೆ ಕೇಳಿ ಅಮ್ಮಾ, ನಮ್ಮ ದೇಶದಲ್ಲಿ ಎರಡು ಪೌರತ್ವ ಇಲ್ಲ. ಪೋರ್ಚುಗಲ್‌ನ ಪೌರರಾದ ದಿನವೇ ಅವರು ಭಾರತದ ಪೌರರಾಗಿ ಉಳಿಯುವುದಿಲ್ಲ. ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಮಾಡಿಸಿಕೊಂಡು ಇಲ್ಲಿ ಬಂದು ಇರಬಹುದು. ಮತ ಹಾಕುವಂತಿಲ್ಲ, ಕೃಷಿ ಭೂಮಿ ಕೊಳ್ಳುವಂತಿಲ್ಲ. ಅಂಕೋಲಾದ ಕಡೆ ಮುಂದೆ ತೋಟ ಗೀಟ ಕೊಳ್ಳುವ ಯೋಚನೆ ಇದ್ದರೆ ಅದನ್ನು ಈಗಲೇ ಮಾತಾಡಿಕೊಳ್ಳಿ. ಬಿಟ್ಟ ಪೌರತ್ವ ವಾಪಸ್ ಪಡೆಯುವುದು ಸುಲಭದ ಮಾತಲ್ಲ. ಬರೀ ನಿವೃತ್ತಿಗಾಗಿ ಇಷ್ಟು ದೊಡ್ಡ ಹೆಜ್ಜೆ ಇಡುವುದು ನನಗೆ ಒಪ್ಪಿಗೆಯಿಲ್ಲ. ಅಲ್ಗಾರ್ವ್ ಬೆಚ್ಚಗಿನ ಊರು ಅನ್ನುವುದು ಲಂಡನ್ನಿನವರ ಮಾತು. ಜನವರಿಯಲ್ಲಿ ಅಲ್ಲಿನ ಮನೆಯೊಳಗೆ ಸ್ವೆಟರ್ ಬೇಕಾಗುತ್ತದೆ. ವಾಸ್ಕೋದವರಿಗೆ ಅದು ಚಳಿಯೇ.

ಪ್ರಶ್ನೆ: ಥಾಯ್ಲೆಂಡ್‌ಗಿಂತ ಮಲೇಷ್ಯಾದ ಪೆನಾಂಗ್ ನಮಗೆ ಒಗ್ಗುತ್ತದೆ ಅಲ್ವಾ? ಹೋದರೆ ನನ್ನ ಬ್ಯಾಂಕ್ ಪಿಂಚಣಿ ನಿಂತುಹೋಗುತ್ತದೆಯೇ?
— ಪುಣೆಯ ಓದುಗರು

ಉತ್ತರ: ಒಗ್ಗುತ್ತದೆ. ಪೆನಾಂಗ್‌ನ ಜಾರ್ಜ್‌ಟೌನ್‌ನಲ್ಲಿ ತಮಿಳು ಕೇಳುತ್ತದೆ, ದೇವಸ್ಥಾನಗಳಿವೆ, ಬಾಳೆಲೆ ಊಟ ಸಿಗುತ್ತದೆ. ಕಷ್ಟ ಇರುವುದು ಠೇವಣಿಯಲ್ಲಿ. 2024ರಲ್ಲಿ ಬದಲಾದ ಅಲ್ಲಿನ ‘ಮಲೇಷ್ಯಾ ನನ್ನ ಎರಡನೇ ಮನೆ’ ಯೋಜನೆಯ ಸಿಲ್ವರ್ ದರ್ಜೆಗೇ 1,50,000 ಡಾಲರ್ ಇಡಬೇಕು. ಡಾಲರ್‌ಗೆ 85 ರೂಪಾಯಿ ಹಿಡಿದರೂ ಒಂದೂಕಾಲು ಕೋಟಿ ದಾಟಿತು. ಅದರ ಜೊತೆ ಕನಿಷ್ಠ 6 ಲಕ್ಷ ರಿಂಗಿಟ್‌ನ ಮನೆಯನ್ನೂ ಕೊಳ್ಳಬೇಕು. ಬ್ಯಾಂಕ್ ಪಿಂಚಣಿಯವರಿಗೆ ಇದು ಆಗುವ ಮಾತಲ್ಲ.

ಪಿಂಚಣಿ ನಿಲ್ಲುವುದಿಲ್ಲ. ಅನಿವಾಸಿಯಾದರೆ ಈಗಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ) ಖಾತೆಯಾಗಿ ಬದಲಾಯಿಸಿ, ಪಿಂಚಣಿ ಅದಕ್ಕೇ ಬರಲಿ. ನವೆಂಬರ್‌ನ ಜೀವಂತ ಪ್ರಮಾಣಪತ್ರಕ್ಕೆ ಅಲ್ಲಿನ ಭಾರತದ ರಾಯಭಾರ ಕಚೇರಿಯಲ್ಲಿ ಸಹಿ ಹಾಕಿಸಿ ಕಳಿಸಬಹುದು. ಹೊರಡುವ ಮೊದಲು ನಿಮ್ಮ ಶಾಖೆಗೆ ಒಮ್ಮೆ ಹೋಗಿ, ಅಲ್ಲಿನ ನಮೂನೆಯ ನಾಲ್ಕು ಖಾಲಿ ಪ್ರತಿ ತೆಗೆದುಕೊಂಡು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.