ಭಾರದ ಬಟ್ಟೆಗೆ ಬಾಗದ ಹಲಗೆ

ಪ್ರಶ್ನೆ: ನಮ್ಮದು ಜಂಬಿಟ್ಟಿಗೆ ಗೋಡೆಯ ಹಳೆಯ ಮನೆ. ಮಲಗುವ ಕೋಣೆಯ ಗೋಡೆಯಲ್ಲಿರುವ 4 ಅಡಿ ಅಗಲದ ಗೂಡಿಗೆ ಪಾರ್ಟಿಕಲ್ ಬೋರ್ಡಿನ ಹಲಗೆಗಳನ್ನು ಹಾಕಿಸಿದ್ದೆವು. ರೇಷ್ಮೆ ಸೀರೆ, ರಗ್ಗು, ಕಂಬಳಿಗಳನ್ನು ಜೋಡಿಸಿದ ಮೇಲೆ ಹಲಗೆಗಳು ನಡುವೆ ಜೋತುಬಿದ್ದಿವೆ. ಒಂದು ಕಡೆ ಕ್ಲಾಂಪು ಗಿಲಾವಿನ ಸಮೇತ ಕಿತ್ತುಬಂದಿದೆ. ದಪ್ಪನೆಯ ಪ್ಲೈವುಡ್ ಹಾಕಿಸಿದರೆ ಸಾಕೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಸಾಲದು. ಹಲಗೆ ಬಾಗುವುದಕ್ಕೆ ಅದರ ದಪ್ಪಕ್ಕಿಂತಲೂ ದೊಡ್ಡ ಕಾರಣ, ಎರಡು ಆಧಾರಗಳ ನಡುವಿನ ಅಂತರ. ಜರಿಯ ರೇಷ್ಮೆ ಸೀರೆಯೊಂದು ಸುಮಾರು 700 ಗ್ರಾಂ ತೂಗುತ್ತದೆ ಎಂದುಕೊಂಡರೂ 50 ಸೀರೆಗಳಿಗೆ 35 ಕಿಲೋ ಆಯಿತು, ಮತ್ತು ಈ ಭಾರ ವರ್ಷವಿಡೀ ಹಲಗೆಯ ಮೇಲೆಯೇ ಕುಳಿತಿರುತ್ತದೆ. ಹಲಗೆಯ ದಪ್ಪವನ್ನು 12 ಮಿಲಿಮೀಟರಿನಿಂದ 18ಕ್ಕೆ ಏರಿಸಿದರೆ ಬಾಗುವಿಕೆ ಮೂರರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆಗೆ ಇಳಿಯುತ್ತದೆ. ಆದರೆ ಅಡಿಯೊಂದಕ್ಕೆ ಬೀಳುವ ಭಾರ ಅಷ್ಟೇ ಇದ್ದು, ಆಧಾರಗಳ ಅಂತರವನ್ನು 4 ಅಡಿಯಿಂದ 2 ಅಡಿಗೆ ತಂದರೆ ಅದು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಗೂಡಿನ ತಳದಿಂದ ಮೇಲಿನವರೆಗೂ ನಡುವೆ ಒಂದು ನಿಲುವು ಹಲಗೆಯನ್ನು ಮೊದಲು ನಿಲ್ಲಿಸಿ. ಅದು ತಳಕ್ಕೆ ಗಟ್ಟಿಯಾಗಿ ಊರಿ ನಿಂತಿರಬೇಕು.

ಪಾರ್ಟಿಕಲ್ ಬೋರ್ಡನ್ನು ಮಲೆನಾಡಿನ ಮಳೆಗಾಲಕ್ಕೆ ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಥಂಡಿ ಹಿಡಿದರೆ ಅಂಚು ಉಬ್ಬುತ್ತದೆ, ಸ್ಕ್ರೂ ಹಿಡಿತ ಕಳೆದುಕೊಳ್ಳುತ್ತದೆ. ಬಾಗಿದ ಹಲಗೆಯನ್ನು ಮಗುಚಿ ಹಾಕಿದರೆ ಕೆಲವು ದಿನ ನೆಟ್ಟಗಿದ್ದಂತೆ ಕಂಡರೂ ಅದೇ ಭಾರಕ್ಕೆ ಮತ್ತೆ ಬಾಗುತ್ತದೆ. ಐಎಸ್ 710 (ನೀರು ತಡೆಯುವ ಮೆರೈನ್ ಪ್ಲೈವುಡ್ಡಿನ ಮಾನಕ) ಗುರುತಿರುವ 18 ಮಿಲಿಮೀಟರ್ ಪ್ಲೈವುಡ್ ಕೊಳ್ಳಿ. ಕೊಯ್ದ ಅಂಚುಗಳಿಗೆ ಪ್ರೈಮರ್ ಅಥವಾ ವಾರ್ನಿಷ್ ಹಚ್ಚದೆ ಕೂರಿಸಬೇಡಿ.

ಪ್ಲೈವುಡ್ ಕೊಯ್ಯುವಾಗ ಬಡಗಿಯ ಬಳಿಯೇ ನಿಲ್ಲುವುದು ಒಳ್ಳೆಯದು. 8 ಅಡಿ ಉದ್ದ, 4 ಅಡಿ ಅಗಲದ ಹಾಳೆಯಲ್ಲಿ ಮೇಲ್ಪದರದ ಎಳೆ ಸಾಮಾನ್ಯವಾಗಿ 8 ಅಡಿಯ ದಿಕ್ಕಿಗೆ ಓಡುತ್ತದೆ. 4 ಅಡಿಯ ಹಲಗೆಯನ್ನು ಹಾಳೆಯ ಅಗಲಕ್ಕೆ ಕೊಯ್ದರೆ ಒಂದೇ ಗರಗಸದ ಗೆರೆಯಲ್ಲಿ ಕೆಲಸ ಮುಗಿಯುವುದರಿಂದ ಹಲವರು ಹಾಗೆಯೇ ಕೊಯ್ಯುತ್ತಾರೆ. ಆಗ ಎಳೆ ಹಲಗೆಗೆ ಅಡ್ಡವಾಗಿ, ಅದೇ ದಪ್ಪದ, ಅದೇ ಬೆಲೆಯ ಹಲಗೆ ಹೆಚ್ಚು ಬಾಗುತ್ತದೆ. ಎಳೆ ಹಲಗೆಯ ಉದ್ದಕ್ಕೆ ಸಾಗುವಂತೆ ಕೊಯ್ಯಿಸಿ. ಮುಂದಿನ ಅಂಚಿನ ಕೆಳಗೆ 2 ಇಂಚು ಎತ್ತರದ ಗಟ್ಟಿಮರದ ಪಟ್ಟಿಯನ್ನು ಅಂಟು, ಸ್ಕ್ರೂ ಎರಡರಿಂದಲೂ ಕೂಡಿಸಿದರೆ ಹಲಗೆಗೆ ಇನ್ನಷ್ಟು ಬಲ ಬರುತ್ತದೆ.

ಇನ್ನು ಗೋಡೆಯ ವಿಷಯ. ಗಿಲಾವಿಗೆ ಭಾರ ಹೊರುವ ಶಕ್ತಿಯಿಲ್ಲ. ನಿಮ್ಮ ಕ್ಲಾಂಪು ಗಿಲಾವನ್ನೇ ನಂಬಿಕೊಂಡಿತ್ತು. ಅದರ ಬದಲು ಗೂಡಿನ ಹಿಂದೆ ಮತ್ತು ಎರಡೂ ಪಕ್ಕದಲ್ಲಿ ಒಂದಿಂಚು ದಪ್ಪದ ರೀಪುಗಳನ್ನು ಕೂರಿಸಿ, ಹಲಗೆಯನ್ನು ಅವುಗಳ ಮೇಲೆ ಇಡಿ. ಜಂಬಿಟ್ಟಿಗೆ ಮೆದು ಕಲ್ಲಾದ್ದರಿಂದ ಡ್ರಿಲ್ಲಿನ ಹ್ಯಾಮರ್ ಬಳಸದೆ ನಿಧಾನವಾಗಿ ತೂತು ಕೊರೆಯಬೇಕು, ಇಲ್ಲದಿದ್ದರೆ ತೂತಿನ ಬಾಯಿ ಪುಡಿಯಾಗಿ ಅಗಲವಾಗುತ್ತದೆ. 4 ಇಂಚಿನ ಸ್ಕ್ರೂ ಹಾಕಿದರೆ ರೀಪಿನ 25, ಗಿಲಾವಿನ ಸುಮಾರು 15 ಮಿಲಿಮೀಟರ್ ಕಳೆದು 60 ಮಿಲಿಮೀಟರ್ ಕಲ್ಲಿನೊಳಗೆ ಸಿಗುತ್ತದೆ. ಉದ್ದನೆಯ ನೈಲಾನ್ ಪ್ಲಗ್ಗನ್ನೇ ಬಳಸಿ, ಅದು ಗಿಲಾವನ್ನು ದಾಟಿ ಕಲ್ಲಿನಲ್ಲಿ ಕುಳಿತಿದೆಯೇ ಎಂದು ನೋಡಿಕೊಳ್ಳಿ. ಹೊರಗೋಡೆಯಾದರೆ ಹಲಗೆಗೂ ಹಿಂಗೋಡೆಗೂ ನಡುವೆ ಕಾಲಿಂಚು ಬಿಟ್ಟರೆ ಗಾಳಿಯಾಡುತ್ತದೆ, ಸೀರೆಗೆ ಬೂಷ್ಟು ಹಿಡಿಯುವ ಭಯ ಕಡಿಮೆಯಾಗುತ್ತದೆ.

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನದು ಎಎಸಿ (ಹಗುರ ಕಾಂಕ್ರೀಟ್) ಬ್ಲಾಕ್ ಗೋಡೆ. ಕೋಟು, ಶೆರ್ವಾನಿ ನೇತುಹಾಕಲು ಉದ್ದನೆಯ ರಾಡ್ ಕೂರಿಸಬಹುದೇ?
— ಓದುಗರು, ಬೆಂಗಳೂರು

ಉತ್ತರ: ಗೋಡೆಗೆ ನೇರವಾಗಿ ಬೇಡ. ಎಎಸಿ ಬ್ಲಾಕಿನ ಒಳಗೆಲ್ಲ ಗಾಳಿಯ ಗುಳ್ಳೆಗಳಿರುವುದರಿಂದ ಸಾಮಾನ್ಯ ಪ್ಲಗ್ ಬೇಗ ಸಡಿಲಗೊಳ್ಳುತ್ತದೆ. ಬೀರು ಮಾಡಿಸಿ, ನೆಲಕ್ಕೆ ಊರಿದ ಅದರ ಪಕ್ಕದ ಹಲಗೆಗಳೇ ರಾಡನ್ನು ಹೊರಲಿ. ಬೀರು ಮುಂದಕ್ಕೆ ವಾಲದಂತೆ ತಡೆಯಲು ಮಾತ್ರ ಎಎಸಿಗೆಂದೇ ತಯಾರಾದ ಪ್ಲಗ್ಗಿನಿಂದ ಗೋಡೆಗೆ ಬಿಗಿಯಿರಿ. ರಾಡ್ 3 ಅಡಿ ಮೀರಿದರೆ ನಡುವೆ ಇನ್ನೊಂದು ನಿಲುವು ಹಲಗೆ ಬೇಕೇ ಬೇಕು. ಹ್ಯಾಂಗರಿನ ಕೋಟು ಬಾಗಿಲಿಗೆ ಉಜ್ಜದಿರಲು ಒಳ ಆಳ 22 ಇಂಚಾದರೂ ಇರಲಿ. ಸ್ವಿಚ್ ಬೋರ್ಡಿನ ನೇರ ಮೇಲೆ ಅಥವಾ ಕೆಳಗೆ ತೂತು ಕೊರೆಯಬೇಡಿ, ಅಲ್ಲಿ ಗೋಡೆಯೊಳಗೆ ವೈರು ಸಾಗಿರುತ್ತದೆ. ಸ್ನಾನದ ಮನೆಯ ಪಕ್ಕದ ಗೋಡೆಯಾದರೆ ನೀರಿನ ಪೈಪು ಎಲ್ಲಿದೆಯೆಂದು ಮೊದಲೇ ವಿಚಾರಿಸಿಕೊಳ್ಳಿ.